ಸವುಳು ಮಣ್ಣಿನ ರೇಟು

ನೀರಮಾನ್ವಿಯ ನಮ್ಮ ಮನೆ ಮೂರಂಕಣದ್ದು. ಎಷ್ಟು ಚದರಡಿ ಅಂತ ಯಾರೂ ಅಳೆದಿಲ್ಲ. ಬೆಲೆಯನ್ನೂ ಯಾರೂ ಕೇಳಿಲ್ಲ. ಮಾರುವ ಮನೆಗಲ್ಲವೇ ಬೆಲೆ? ನಿಜಾಮನ ಕಾಲದ ಕಾಗದ ಉರ್ದುವಿನಲ್ಲಿದೆ. ಅದನ್ನು ಓದಬಲ್ಲ ಹಿರಿಯರು ಹೋದ ಮೇಲೆ ಅವ್ವನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಮಲಗಿದೆ. ಮುತ್ಯಾ ನಿಜಾಮನ ಹಾಲಿ ಸಿಕ್ಕಾ ರೂಪಾಯಿ ಎಣಿಸಿ ಕೊಟ್ಟನೆಂಬುದಷ್ಟೇ ಮನೆಯವರ ಬಾಯಲ್ಲಿ ಉಳಿದಿದೆ. ಆಗ ಏಳು ಹಾಲಿಗೆ ಬ್ರಿಟಿಷರ ಆರು ರೂಪಾಯಿ ಸಮವಿತ್ತು.

ಆ ಮನೆಗಿದ್ದ ಕಂತು ಒಂದೇ: ವರ್ಷಕ್ಕೊಮ್ಮೆ ಮಣ್ಣು. ಮುಂಗಾರಿಗೆ ಮೊದಲು ಊರ ಹೊರಗಿನ ಸವುಳು ನೆಲದಿಂದ ಬುಟ್ಟಿಗಟ್ಟಲೆ ತಂದು ಮಾಳಿಗೆಯ ಮೇಲೆ ಹರಡಬೇಕು. ಆ ನೆಲದಲ್ಲಿ ಜೋಳ ಬೆಳೆಯದು, ಮಾಳಿಗೆಗೆ ಹಾಕಿದರೆ ನೀರು ಇಳಿಯದು. ಕೆಳಗೆ ಅವ್ವ ಪಡಸಾಲೆಯಲ್ಲಿ ನಿಂತು ಬಡಿಗೆಯಿಂದ ಜಂತಿ ಕುಟ್ಟುತ್ತಿದ್ದಳು: "ಇಲ್ಲೇ ಹೋದ ವರ್ಷ ಸೋರಿತ್ತು ನೋಡು, ಇನ್ನೊಂದು ಬುಟ್ಟಿ ಸುರುವು." ನಾನು ಸುರಿದ ಅವಸರಕ್ಕೆ ಅರ್ಧ ಮಣ್ಣು ಬೆಳಕಿಂಡಿಯಿಂದ ಇಳಿದು ಬೇಳೆಯ ಗಡಿಗೆ ಸೇರುತ್ತಿತ್ತು. ಆ ದಿನ ಸಾರಿಗೆ ಉಪ್ಪು ಕಡಿಮೆ ಹಾಕಿದರೂ ನಡೆಯುತ್ತಿತ್ತು.

ನನಗೆ ನೌಕರಿ ಸಿಕ್ಕಾಗ ಮಾನ್ವಿಯಲ್ಲಿ ಒಂದು ಪ್ಲಾಟು ಸ್ಕೂಟರಿನ ಬೆಲೆಗೆ ಬರುತ್ತಿತ್ತು. ನಾನು ಸ್ಕೂಟರ್ ಕೊಂಡೆ. ಅದು ಕಿಕ್ಕಿಗೆ ಮುನಿಸಿಕೊಳ್ಳುವ ಹೊತ್ತಿಗೆ ಪ್ಲಾಟು ಟ್ರ್ಯಾಕ್ಟರಿನ ಬೆಲೆಗೆ ಏರಿತ್ತು. "ತಡಿ, ಇಳೀತದ" ಎಂದು ಹೆಂಡತಿಗೆ ಸಮಾಧಾನ ಹೇಳಿದೆ. ಸ್ಕೂಟರಿನ ಬೆಲೆ ಇಳಿಯಿತು.

ಪ್ಲಾಟಿನ ಬೆಲೆ ಏರದೆ ಏನಾದೀತು? ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಭತ್ತ ಬಂತು, ಭತ್ತದಿಂದ ಸಿಮೆಂಟು ಬಂತು. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ನಮ್ಮ ಹುಡುಗರಿಗೂ ಸರಕಾರಿ ಪಗಾರ ಬಂತು; ಮೊದಲ ಪಗಾರದ ಮರುದಿನವೇ ಪ್ಲಾಟಿನ ಮಾತು. ಬಾರದೇ ಇದ್ದದ್ದಕ್ಕೂ ರೇಟುಂಟು. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಜನ ಧರಣಿ ಕೂತರು. ಆಸ್ಪತ್ರೆಯ ದಾರಿ ಅವರಿನ್ನೂ ಕಾಯುವಾಗಲೇ ಪ್ಲಾಟಿನವರ ಬಾಯಲ್ಲಿ ಅದರ ಪಾಯ ಮುಗಿದಿತ್ತು. ಇತ್ತ ದೇವದುರ್ಗದ ಕಡೆಯಿಂದ ಗುಳೆ ಹೋದವರು ಬೆಂಗಳೂರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿ, ರಾತ್ರಿ ಅದರ ಬುಡದ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಅವರ ಮುಂದೆ ನನ್ನ ಬಾಡಿಗೆ ಮನೆಯ ಸಂಕಟ ಹೇಳಿಕೊಳ್ಳಲು ನಾಚಿಕೆ.

ಹೋದ ತಿಂಗಳು ಏಜೆಂಟನೊಬ್ಬ ತನ್ನ ಬೈಕಿನಲ್ಲೇ ಕೂಡಿಸಿಕೊಂಡು ನೀರಮಾನ್ವಿಗೇ ಕರೆದೊಯ್ದ. ಸುಣ್ಣ ಬಳಿದ ಕಲ್ಲುಗಳು, ಒಂದು ಕಮಾನು, ಆಳಿಲ್ಲದ ಗಾರ್ಡನ್ನು. "ತರ್ಟಿ ಫಾರ್ಟಿ, ಎನ್‌ಎ ಆಗ್ಯಾದ್ರಿ ಸರ. ಈಗ ಹಿಡೀರಿ, ಮುಂದ ಸಿಗಂಗಿಲ್ಲ." ಮೂವತ್ತು ನಲವತ್ತೆಂದರೆ 1200 ಚದರಡಿ. ಗುಂಟೆಗೆ 1089. ಅಂದರೆ ಒಂದು ಗುಂಟೆಯ ಮೇಲೆ ನೂರಾ ಹನ್ನೊಂದು ಚದರಡಿ. ಅವನು ಹೇಳಿದ ರೇಟಿಗೆ ಮುತ್ಯಾನ ಕಾಲದಲ್ಲಿ ಓಣಿಯೇ ಬರುತ್ತಿತ್ತೇನೋ.

ಕೂತು ನೆಲ ಕೆದರಿದೆ. ಬೆರಳಿಗೆ ಬಿಳಿ ಪುಡಿ ಅಂಟಿತು. ನಾಲಿಗೆಗೆ ತಾಗಿಸಿದೆ. ಅದೇ ರುಚಿ, ಅವ್ವನ ಸಾರಿನದು.

"ಮಾಳಿಗಿ ಸೋರಲಿಕ್ಹತ್ತೇದ. ಒಂದು ಚೀಲ ಮಣ್ಣು ಒಯ್ಯಲೇನು?" ಕೇಳಿದೆ.

ಅವನು ಕಮಾನಿನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ: "ಅಡ್ವಾನ್ಸ್ ಕೊಟ್ಟ ಮ್ಯಾಲ ಒಯ್ರಿ ಸರ."