ಮೇಪಲ್ ಮನೆಗಳಲ್ಲಿ ಸೋಸುವ ಹೊತ್ತು

ಮಾರ್ಚ್ ತಿಂಗಳ ಮೊದಲ ವಾರ. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ ಗುಡ್ಡಗಳ ಮೇಲೆ ಹಿಮ ಇನ್ನೂ ಕರಗಿರುವುದಿಲ್ಲ. ಮಧ್ಯಾಹ್ನದ ಎಳೆಬಿಸಿಲಿಗೆ ಮಣ್ಣಿನ ರಸ್ತೆಗಳು ಮಾತ್ರ ಕೆಸರಾಗತೊಡಗುತ್ತವೆ. ಇಲ್ಲಿಯವರು ಈ ದಿನಗಳಿಗೆ 'ಕೆಸರುಗಾಲ' ಎಂದೇ ಹೆಸರಿಟ್ಟಿದ್ದಾರೆ. ಚಳಿಗಾಲಕ್ಕೂ ವಸಂತಕ್ಕೂ ನಡುವೆ ನುಸುಳಿದ ಐದನೆಯ ಋತು ಇದು! ರಸ್ತೆಯಂಚಿನ ಮರಗಳಿಗೆ ತೂಗುಹಾಕಿದ ಬಕೆಟ್ಟುಗಳಲ್ಲಿ ಟಪ್ ಟಪ್ ಎಂದು ಹನಿ ಬೀಳುವ ಸದ್ದು. ಇಳಿಜಾರಿನಲ್ಲಿ ನಿಂತ ಹಲಗೆಯ ಮನೆಗಳ ಮಾಡಿನಿಂದ ಬಿಳಿ ಹಬೆ ಏಳುತ್ತಿದ್ದರೆ ಒಳಗೆ ಮೇಪಲ್ ರಸ ಕುದಿಯುತ್ತಿದೆ ಎಂದೇ ಅರ್ಥ. ಹಬೆ ಹೋಗಲೆಂದೇ ಈ 'ಶುಗರ್ ಹೌಸ್'ಗಳ ನೆತ್ತಿಯ ಮೇಲೆ ಬಾಗಿಲುಳ್ಳ ಪುಟ್ಟ ಗೋಪುರವೊಂದಿರುತ್ತದೆ.

ಆರೂವರೆ ಲಕ್ಷದಷ್ಟೂ ಜನರಿಲ್ಲದ ಈ ಪುಟ್ಟ ರಾಜ್ಯ ಅಮೆರಿಕದ ಒಟ್ಟು ಮೇಪಲ್ ಸಿರಪ್‌ನಲ್ಲಿ ಸುಮಾರು ಅರ್ಧದಷ್ಟನ್ನು ಉತ್ಪಾದಿಸುತ್ತದೆ. (ಜಗತ್ತಿನ ಲೆಕ್ಕಕ್ಕೆ ಬಂದರೆ ಗಡಿಯಾಚೆಗಿನ ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದೇ ಮೇಲುಗೈ.) ಸಕ್ಕರೆ ಮೇಪಲ್ 1949ರಿಂದ ಇಲ್ಲಿನ ರಾಜ್ಯವೃಕ್ಷ. ಬಿಳಿಯರು ಕಾಲಿಡುವ ಮೊದಲೇ ಈ ನೆಲದ ಮೂಲನಿವಾಸಿಗಳಾದ ಅಬೆನಾಕಿ ಜನ ಮರದ ರಸವನ್ನು ಕಾಯಿಸಿ ಸಿಹಿ ಮಾಡುತ್ತಿದ್ದರು. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು - ಈ ಏರಿಳಿತ ಇದ್ದರೆ ಮಾತ್ರ ಮರದಲ್ಲಿ ರಸ ಹರಿಯುತ್ತದೆ. ಮೊಗ್ಗು ಒಡೆಯುವ ಹೊತ್ತಿಗೆ ರಸದ ರುಚಿ ಕೆಡುತ್ತದೆ. ಅಲ್ಲಿಗೆ ಆ ವರ್ಷದ ಸುಗ್ಗಿ ಮುಗಿದಂತೆ. ಹೆಚ್ಚೆಂದರೆ ಆರು ವಾರದ ಆಟ.

ದೊಡ್ಡ ತೋಟಗಳಲ್ಲಿ ಈಗ ಬಕೆಟ್ಟುಗಳಿಲ್ಲ. ಮರದಿಂದ ಮರಕ್ಕೆ ಜೇಡರ ಬಲೆಯಂತೆ ಹಬ್ಬಿದ ಪ್ಲಾಸ್ಟಿಕ್ ಕೊಳವೆಗಳು ರಸವನ್ನು ನೇರವಾಗಿ ಟ್ಯಾಂಕಿಗೆ ತರುತ್ತವೆ. ಆದರೆ ಹಿತ್ತಲಿನ ಹತ್ತಿಪ್ಪತ್ತು ಮರಗಳನ್ನೇ ನಂಬಿ ಮನೆಮಂದಿಯೆಲ್ಲ ಸೇರಿ ಸಿರಪ್ ಕಾಯಿಸುವವರು ಇಂದಿಗೂ ಹಳ್ಳಿ ಹಳ್ಳಿಯಲ್ಲಿದ್ದಾರೆ. ಅವರ ಲೆಕ್ಕ ನೋಡಿ: ರಸದಲ್ಲಿರುವ ಸಕ್ಕರೆ ಶೇ. 2ರ ಆಸುಪಾಸು. ಒಂದು ಲೀಟರ್ ಸಿರಪ್ ಬೇಕಿದ್ದರೆ ನಲವತ್ತು ಲೀಟರ್ ರಸ ಕಾಯಿಸಬೇಕು. ಇಪ್ಪತ್ತು ಮರಗಳಿಂದ ಇಡೀ ಸುಗ್ಗಿಯಲ್ಲಿ 800 ಲೀಟರ್ ರಸ ಬಂದರೆ ಕೊನೆಗೆ ಕೈಗೆ ಸಿಗುವುದು 20 ಲೀಟರ್. ಉಳಿದದ್ದೆಲ್ಲ ಹಬೆ! ಅಡುಗೆಮನೆಯಲ್ಲೇ ಇಷ್ಟು ಕಾಯಿಸಲು ಹೊರಟರೆ ಗೋಡೆಗೆ ಅಂಟಿಸಿದ ಕಾಗದವೆಲ್ಲ ಕಿತ್ತು ಬರುತ್ತದೆ ಎಂದು ಹಳಬರು ಹೊಸಬರನ್ನು ಎಚ್ಚರಿಸುತ್ತಾರೆ. ಹಾಗಾಗಿ ಕುದಿಸುವ ಕೆಲಸವೆಲ್ಲ ಅಂಗಳದ ಸೌದೆ ಒಲೆಯ ಮೇಲೆ. ಕೊನೆಯ ಹದಕ್ಕೆ ಮಾತ್ರ ಅಡುಗೆಮನೆ.

ವಾರಗಟ್ಟಲೆ ಹಿಮದಲ್ಲಿ ಬಕೆಟ್ ಹೊತ್ತ ಶ್ರಮ ಉಳಿಯುವುದೋ ಹಾಳಾಗುವುದೋ ನಿರ್ಧಾರವಾಗುವುದು ಈ ಕೊನೆಯ ಒಂದು ಗಂಟೆಯಲ್ಲಿ. ಮೊದಲ ಪ್ರಶ್ನೆ ಹದದ್ದು. ಆ ದಿನ, ಆ ಜಾಗದಲ್ಲಿ ನೀರು ಕುದಿಯುವ ಉಷ್ಣತೆಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಹೆಚ್ಚಿಗೆ ಕುದಿದರೆ ಅದು ಸಿರಪ್. 'ಆ ದಿನ, ಆ ಜಾಗ' ಎಂಬ ಮಾತು ಮುಖ್ಯ. ಎತ್ತರದ ಊರಿನಲ್ಲಿ ವಾಯುಭಾರ ಕಡಿಮೆಯಾದ್ದರಿಂದ ನೀರು ನೂರು ಡಿಗ್ರಿಗೆ ಮೊದಲೇ ಕುದಿಯುತ್ತದೆಂದು ಶಾಲೆಯಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೂ ನಂಬಿಕೆಯ ಸಾಧನ ಹೈಡ್ರೋಮೀಟರ್. ಹಾಲಿನ ಡೇರಿಯ ಲ್ಯಾಕ್ಟೋಮೀಟರ್‌ನ ಅಣ್ಣ ಇದು: ದ್ರವ ಗಟ್ಟಿಯಾದಷ್ಟೂ ಗಾಜಿನ ಕಡ್ಡಿ ಮೇಲಕ್ಕೆ ತೇಲುತ್ತದೆ. ವರ್ಮಾಂಟ್‌ನ ನಿಯಮದಂತೆ ಸಿರಪ್‌ನ ಸಾಂದ್ರತೆ ಕನಿಷ್ಠ ಶೇ. 66.9 ಇರಬೇಕು. ತೆಳುವಾದರೆ ಕೆಲವೇ ತಿಂಗಳಲ್ಲಿ ಹುಳಿಯುತ್ತದೆ. ತೀರಾ ಗಟ್ಟಿಯಾದರೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆಯಂತೆ ಹರಳುಗಟ್ಟುತ್ತದೆ. ಬೇರೆ ಯಾವುದರಲ್ಲಿ ದುಡ್ಡು ಉಳಿಸಿದರೂ ಇದರಲ್ಲಿ ಉಳಿಸಬಾರದು.

ಹದ ಬಂದ ಸಿರಪ್ ನೋಡಲು ಕದಡಿದ ಹೊಳೆಯ ನೀರಿನಂತಿರುತ್ತದೆ. ಮರದ ರಸದಲ್ಲಿ ಕ್ಯಾಲ್ಸಿಯಂ, ಮ್ಯಾಲಿಕ್ ಆಮ್ಲಗಳಿವೆ. ನೀರು ಕಡಿಮೆಯಾದಂತೆ ಅವು ಕರಗಿಯೇ ಉಳಿಯಲಾರದೆ ಕ್ಯಾಲ್ಸಿಯಂ ಮ್ಯಾಲೇಟ್ ಎಂಬ ನುಣುಪಾದ ಕಣಗಳಾಗಿ ಬೇರ್ಪಡುತ್ತವೆ. ಇದನ್ನು ಇಲ್ಲಿ 'ಸಕ್ಕರೆ ಮರಳು' ಎನ್ನುತ್ತಾರೆ. ತಿಂದರೆ ಅಪಾಯವೇನಿಲ್ಲ, ಆದರೆ ನಾಲಗೆಗೆ ಮರಳು ಮರಳು. ಕಬ್ಬಿನ ಹಾಲಿಗೆ ಸುಣ್ಣದ ತಿಳಿ, ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದನ್ನು ಆಲೆಮನೆಯಲ್ಲಿ ಕಂಡವರಿದ್ದಾರಲ್ಲ, ಮೇಪಲ್ ರಸಕ್ಕೆ ಅಂಥ ಉಪಚಾರದ ರೂಢಿಯಿಲ್ಲ. ಉಕ್ಕು ಇಳಿಸಲು ಒಂದು ಹನಿ ಬೆಣ್ಣೆ, ಅಷ್ಟೇ. ಮಿಕ್ಕಿದ್ದೆಲ್ಲ ಸೋಸುವ ಬಟ್ಟೆಯ ಪಾಲಿಗೆ.

ಯಾವ ಬಟ್ಟೆ? ಹೊಸಬರು ಎಡವುವುದು ಇಲ್ಲೇ. ತೆಳು ಬಟ್ಟೆಯಲ್ಲಿ ಸೋಸಿದರೆ ಮರಳು ಸಿರಪ್ಪಿನ ಜತೆಗೇ ಇಳಿದುಹೋಗುತ್ತದೆ. ಕಾಫಿ ಸೋಸುವ ಕಾಗದವಾದರೆ ಅರ್ಧ ಲೋಟಕ್ಕೆ ಮುಚ್ಚಿಕೊಂಡು, ಸಿರಪ್ ಅಲ್ಲೇ ತಣ್ಣಗಾಗಿ ಕೂರುತ್ತದೆ. ಬೇಕಾದದ್ದು ಗಾಂಧಿ ಟೋಪಿಯನ್ನು ಚೂಪು ಮಾಡಿ ಬೋರಲು ಹಾಕಿದಂಥ ದಪ್ಪ ಫೆಲ್ಟಿನ ಚೀಲ. ಹಿಂದೆ ಉಣ್ಣೆಯದಿತ್ತು, ಈಗ ಕೃತಕ ನೂಲಿನದು. ಅದರೊಳಗೆ ಅದೇ ಆಕಾರದ ತೆಳು ಚೀಲಗಳನ್ನು ಎರಡು ಮೂರು ಪದರ ಇಡುತ್ತಾರೆ. ಮೇಲಿನ ಪದರ ಮರಳಿನಿಂದ ಕಟ್ಟಿಕೊಂಡರೆ ಮೆಲ್ಲಗೆ ಎತ್ತಿ ತೆಗೆದರಾಯಿತು, ಕೆಳಗಿನ ಪದರ ಕೆಲಸ ಮುಂದುವರಿಸುತ್ತದೆ. ಮೊದಲೇ ಬಿಸಿನೀರಲ್ಲಿ ಅದ್ದಿ ಇಟ್ಟಿರಬೇಕು. ಒಣ ಫೆಲ್ಟು ಒಂದಿಷ್ಟು ಸಿರಪ್ಪನ್ನು ತಾನೇ ಕುಡಿದುಬಿಡುತ್ತದೆ. ತೊಳೆಯುವಾಗ ಸಾಬೂನು ಸೋಕಿಸುವಂತಿಲ್ಲ, ಅದರ ವಾಸನೆ ಮುಂದಿನ ಸಿರಪ್ಪಿಗೆ ಹತ್ತುತ್ತದೆ. ಹಿಂಡುವಂತೆಯೂ ಇಲ್ಲ, ಎಳೆಗಳು ಮುರಿಯುತ್ತವೆ.

ದೊಡ್ಡ ತಯಾರಕರ ಬಳಿ ಫಿಲ್ಟರ್ ಪ್ರೆಸ್ ಇದೆ. 'ಡಯಾಟಮ್' ಎಂಬ ಸೂಕ್ಷ್ಮ ಜಲಸಸ್ಯಗಳ ಪಳೆಯುಳಿಕೆಯ ಪುಡಿಯನ್ನು ಸಿರಪ್ಪಿಗೆ ಬೆರೆಸಿ, ತಟ್ಟೆಗಳ ನಡುವಿನ ಕಾಗದದ ಮೂಲಕ ಪಂಪಿನಿಂದ ತಳ್ಳುತ್ತಾರೆ. ಬರುವ ಸಿರಪ್ ಗಾಜಿನಷ್ಟು ನಿರ್ಮಲ. ಆದರೆ ಮೋಟಾರಿನ ಪ್ರೆಸ್ಸಿಗೆ ಸಾವಿರಾರು ಡಾಲರ್ ಬೇಕು. ವರ್ಷಕ್ಕೆ 20 ಲೀಟರ್ ಮಾಡುವ ಮನೆಗೆ ಅದು ಕುದುರೆಗಿಂತ ಲಗಾಮೇ ದುಬಾರಿ ಆದಂತೆ. ಚೀಲದಲ್ಲಿ ಸೋಸಿದ್ದು ಒಂದಿಷ್ಟು ಮಸುಕಾಗಿದ್ದರೆ ಮನೆಯವರಾರೂ ದೂರು ಕೊಡುವುದಿಲ್ಲ!

ಸೋಸಿದ ಸಿರಪ್ಪನ್ನು ಬಾಟಲಿಗೆ ತುಂಬುವಾಗ ಕಾಯಬೇಕಾದದ್ದು ಕೆಲವೇ ಡಿಗ್ರಿಗಳ ಕಿಂಡಿ. 82 ಡಿಗ್ರಿಗಿಂತ ತಣ್ಣಗಾದರೆ ಬೂಷ್ಟಿನ ಬೀಜ ಸಾಯುವುದಿಲ್ಲ. 88 ದಾಟಿದರೆ ಹೊಸದಾಗಿ ಮರಳು ಹುಟ್ಟಿ, ಸೋಸಿದ್ದೆಲ್ಲ ವ್ಯರ್ಥ. ಇದಕ್ಕಾಗಿಯೇ ಎರಡು ಗೋಡೆಗಳ ನಡುವೆ ಬಿಸಿನೀರು ತುಂಬಿದ, ಕೆಳಗೆ ನಲ್ಲಿಯುಳ್ಳ ಸ್ಟೀಲ್ ಪಾತ್ರೆಗಳು ಸಿಗುತ್ತವೆ. ಬೆಂಕಿ ನೇರವಾಗಿ ತಾಗದ ಕಾರಣ ಉಷ್ಣತೆ ಜಿಗಿಯುವುದಿಲ್ಲ. ಮನೆಮಟ್ಟಿಗೆ ಅನೇಕರು ಸಭೆಗಳಲ್ಲಿ ಕಾಫಿ ಹಂಚುವ ನಲ್ಲಿಯ ಡ್ರಮ್ಮನ್ನೇ ಬಳಸುತ್ತಾರೆ. ಜತೆಗೊಂದು ಥರ್ಮಾಮೀಟರ್ ಇದ್ದರೆ ಸಾಕು.

ಅಟ್ಟದ ಮೇಲಿನ ಅಜ್ಜನ ಕಾಲದ ಪಾತ್ರೆ ಬಳಸಿದರೆ ಖರ್ಚೇ ಇಲ್ಲವಲ್ಲ ಎನಿಸಬಹುದು. ಅಪಾಯ ಇರುವುದು ಅಲ್ಲೇ. ಹಳೆಯ ಬಕೆಟ್ಟು, ಬಾಣಲೆಗಳ ಬೆಸುಗೆಯಲ್ಲಿ ಸೀಸ ಇರುತ್ತಿತ್ತು. ಕೆಲವಕ್ಕೆ ಸೀಸ ಬೆರೆತ ಲೇಪವೂ ಇತ್ತು. ಅದು ರಸದಲ್ಲಿ ಸೇರಿಕೊಂಡು ಸಿರಪ್ಪಿನಲ್ಲಿ ಸಾಂದ್ರವಾಗುತ್ತದೆ. ಸೀಸದ ಪೆಟ್ಟು ಹೆಚ್ಚು ಬೀಳುವುದು ಬೆಳೆಯುವ ಮಕ್ಕಳ ಮೆದುಳಿಗೆ. ಮಕ್ಕಳ ದೋಸೆಯ ಮೇಲೆ, ಅಂದರೆ ಪ್ಯಾನ್‌ಕೇಕಿನ ಮೇಲೆ, ಸುರಿಯುವ ಸಿರಪ್ಪಿಗೆ ಆಹಾರದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಲ್ಲದೆ ಬೇರೆಯದನ್ನು ನಂಬದಿರುವುದೇ ಲೇಸು. ಹಳೆಯ ಬಕೆಟ್ಟುಗಳಿಗೆ ಹೂಗಿಡದ ಕುಂಡದ ಕೆಲಸ ಕೊಡಬಹುದು.

ಬಾಟಲಿಗಳಲ್ಲಿ ಗಾಜೇ ಮೇಲು. ಪ್ಲಾಸ್ಟಿಕ್ಕಿನ ಮೂಲಕ ಗಾಳಿ ಸ್ವಲ್ಪ ಸ್ವಲ್ಪವೇ ಒಳಸೇರಿ ತಿಂಗಳುಗಳಲ್ಲಿ ಸಿರಪ್ಪಿನ ಬಣ್ಣ ಕಪ್ಪಾಗುತ್ತದೆ. ಗಾಜನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಬೇಕು, ಇಲ್ಲವಾದರೆ ಚಿಟಕ್ಕೆಂದು ಸೀಳುತ್ತದೆ. ಮುಚ್ಚಳ ಪ್ರತಿ ವರ್ಷ ಹೊಸದೇ ಆಗಬೇಕು. ಕತ್ತಿನವರೆಗೆ ತುಂಬಿ, ಮುಚ್ಚಿ, ಕೂಡಲೇ ಅಡ್ಡ ಮಲಗಿಸುತ್ತಾರೆ. ಬಿಸಿ ಸಿರಪ್ ಮುಚ್ಚಳದ ಒಳಮೈಯನ್ನೂ ಶುದ್ಧ ಮಾಡಲಿ ಎಂದು. ಬಾಟಲಿಗಳು ಒಂದಕ್ಕೊಂದು ತಾಗದಂತೆ ಗಾಳಿಯಾಡಲು ಜಾಗ ಬಿಟ್ಟಿರಬೇಕು. ಒತ್ತೊತ್ತಾಗಿ ಇಟ್ಟರೆ ಬಿಸಿ ಆರದೆ ಸಿರಪ್ ಒಳಗೊಳಗೇ ಕಂದುತ್ತದೆ.

ಬಾಣಲೆಯ ತಳದಲ್ಲಿ ಉಳಿದದ್ದು ಮಕ್ಕಳ ಪಾಲು. ಅದನ್ನು ಇನ್ನಷ್ಟು ಕಾಯಿಸಿ ಅಂಗಳದ ಶುಭ್ರ ಹಿಮದ ಮೇಲೆ ದಾರದಂತೆ ಸುರಿದರೆ ಕ್ಷಣದಲ್ಲಿ ಜಗಿಯುವ ಮಿಠಾಯಿ. ಸಿಹಿ ಮುಖಕ್ಕೆ ಹೊಡೆಯದಿರಲೆಂದು ನಡುನಡುವೆ ಹುಳಿ ಸೌತೆಕಾಯಿಯ ಉಪ್ಪಿನಕಾಯಿ ಕಚ್ಚುತ್ತಾರೆ! ಒಳಗೆ ಒಲೆಯ ಮೇಲಿನ ಹಗ್ಗಕ್ಕೆ ತೊಳೆದ ಫೆಲ್ಟಿನ ಚೀಲ ತೂಗಿಬಿದ್ದು ನೀರಿಳಿಸುತ್ತಿರುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟುವ ಚಳಿ ಬಿದ್ದರೆ ಮುಂದಿನ ಹಬೆಗೆ ಅದು ಒಣಗಿರಬೇಕು.