ಸಾಲವಿದ್ದ ಮನೆಯ ಹೆಣಿಗೆ

ಹೊಸಪೇಟೆಯಿಂದ ಬಳ್ಳಾರಿಯತ್ತ ಸಾಗುವ ರೈಲುಮಾರ್ಗದಲ್ಲಿ ಪಾಪಿನಾಯಕನಹಳ್ಳಿ ಎಂಬುದೊಂದು ನಿಲ್ದಾಣವುಂಟು. ಸುತ್ತಲಿನವರ ಬಾಯಲ್ಲಿ ಅದು ಪಿ.ಕೆ. ಹಳ್ಳಿ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಊರು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿತು. ಕಬ್ಬಿಣದ ಅದಿರಿನ ಸಂಡೂರು ಗುಡ್ಡಗಳು ಇಲ್ಲಿಗೆ ದೂರವಲ್ಲ. ಈ ಸೀಮೆಯಲ್ಲಿ ಬಿಳಿಯ ಬಟ್ಟೆ ಬಹಳ ದಿನ ಬಿಳುಪಾಗಿ ಉಳಿಯದು. ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಂತೂ ಮನೆಯ ಮಾಡಿನ ಮೇಲೆ, ಬೇವಿನ ಎಲೆಯ ಮೇಲೆ, ಮುಚ್ಚಿಟ್ಟ ನೀರಿನ ಕೊಡದ ಅಂಚಿನ ಮೇಲೆ ಕೆಂಧೂಳು ಕೂಡುತ್ತಿತ್ತು.

ಆ ಧೂಳನ್ನು ಜನರು ಬಯ್ಯುತ್ತಲೂ ಇದ್ದರು, ನಂಬುತ್ತಲೂ ಇದ್ದರು. ಚೀನಾದ ಉಕ್ಕಿನ ಕಾರ್ಖಾನೆಗಳ ಬೇಡಿಕೆಯಿಂದ ಅದಿರಿನ ಬೆಲೆ ಏರುತ್ತ ಹೋದ ಆ ಕಾಲದಲ್ಲಿ, ಮಳೆಯನ್ನೇ ನೆಚ್ಚಿ ಜೋಳ ಬಿತ್ತುತ್ತಿದ್ದ ಎಷ್ಟೋ ಕುಟುಂಬಗಳು ಸಾಲ ಮಾಡಿ ಟಿಪ್ಪರ್ ಕೊಂಡವು. ಗಣಿಗಾರಿಕೆಯ ಅಕ್ರಮಗಳು ಬಯಲಾಗಿ, 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಗುಡ್ಡಗಳ ಹಿತದಿಂದ ನೋಡಿದರೆ ಆ ಆಜ್ಞೆ ಅಗತ್ಯವಾದುದೇ ಆಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಗಣಿ ನಿಂತರೂ ಕಂತು ನಿಲ್ಲಲಿಲ್ಲ. 2013ರ ಏಪ್ರಿಲ್ ತೀರ್ಪಿನ ತರುವಾಯ ಕೆಲವು ಗಣಿಗಳು ನಿಯಮಕ್ಕೆ ಒಳಪಟ್ಟು ಮತ್ತೆ ನಡೆದವಾದರೂ, ಅಷ್ಟರಲ್ಲಿ ಅನೇಕ ಅಂಗಳಗಳ ಟಿಪ್ಪರುಗಳು ಅರ್ಧ ಬೆಲೆಗೆ ಕೈಬಿಟ್ಟು ಹೋಗಿದ್ದವು.

ಅಂಥ ಅಂಗಳಗಳಲ್ಲಿ ಒಂದು ಮನೆಯ ಮಾತು ಇದು. ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗುವ ಒಂದು ಗಂಡು, ಒಂದು ಹೆಣ್ಣು. ಟಿಪ್ಪರನ್ನು ಮಾರಿದ ಹಣ ಸಾಲ ಕೊಟ್ಟ ಸಂಸ್ಥೆಗೇ ಸರಿಹೋಯಿತು. ಉಳಿದದ್ದು ಮೂರು ಋಣ. ಕಂತು ತಪ್ಪದಿರಲೆಂದು ಊರಿನಲ್ಲಿ ಎತ್ತಿದ 1,20,000 ರೂಪಾಯಿ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ. ಪಾಟ್ಲಿ, ಬೋರಮಾಳಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು ತಂದ 60,000, ನೂರಕ್ಕೆ ಒಂದು ರೂಪಾಯಿಯಂತೆ. ಮತ್ತೆ ಆಕೆಯ ಅಣ್ಣ ಕೈಗಡವಾಗಿ ಕೊಟ್ಟ 80,000. ಅದಕ್ಕೆ ಬಡ್ಡಿಯಿಲ್ಲ, ಪತ್ರವಿಲ್ಲ, ಗಡುವೂ ಇಲ್ಲ.

ಗಂಡ ಬೇರೆಯವರ ಲಾರಿಗೆ ಚಾಲಕನಾದ. ಸಂಬಳ 8,500. ಮಗನ ಹಳೆಯ ನೋಟುಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ ಆ ಗೃಹಿಣಿ ಬರೆದ ಮೊದಲ ಲೆಕ್ಕ ಹೀಗಿದ್ದಿತು: ಊರಿನ ಸಾಲದ ಬಡ್ಡಿ 3,600, ಬಂಗಾರದ ಬಡ್ಡಿ 600, ಮನೆಯ ವೆಚ್ಚ 4,200. ಒಟ್ಟು 8,400. ಉಳಿಕೆ 100 ರೂಪಾಯಿ. ಈ ಲೆಕ್ಕವನ್ನು ತುಸು ನಿಂತು ನೋಡಬೇಕು. ಮನೆಯವರು ದುಡಿಯುತ್ತಿದ್ದಾರೆ, ಉಣ್ಣುತ್ತಿದ್ದಾರೆ, ಬಡ್ಡಿಯನ್ನು ತಪ್ಪದೆ ತೆರುತ್ತಿದ್ದಾರೆ. ಹೊರಗಿನವರ ಕಣ್ಣಿಗೆ ಮರ್ಯಾದೆಯ ಸಂಸಾರ. ಆದರೆ ಅಸಲು ಮಾತ್ರ ಕೂದಲೆಳೆಯಷ್ಟೂ ಕದಲುವುದಿಲ್ಲ. ಹೀಗೆಯೇ ಇಪ್ಪತ್ತು ವರ್ಷ ಬದುಕಿಬಿಡಬಹುದು. ಬದುಕಿದವರೂ ಉಂಟು.

ಹೆಣಿಗೆ ಈ ಮನೆಗೆ ಬಂದದ್ದು ಇಲ್ಲಿ. ಶಾಲೆಯ ಕೈಗೆಲಸದ ತರಗತಿಯಲ್ಲಿ ಕಲಿತು, ಮದುವೆಯ ನಂತರ ಮರೆತಂತಿದ್ದ ವಿದ್ಯೆ ಅದು. ಬೇಸಗೆಯಲ್ಲಿ ಬಂಡೆ ಕಾದು ಬಿಸಿಯುಸಿರು ಬಿಡುವ ಈ ಸೀಮೆಯಲ್ಲಿ ಉಣ್ಣೆಯ ಉಡುಪನ್ನು ಯಾರು ಕೊಳ್ಳುವರೆಂದು ಕೇಳುವವರು ಕೇಳಬಹುದು. ಕಾರ್ತಿಕದಿಂದ ಮಾಘದವರೆಗಿನ ಬೆಳಗಿನ ಚಳಿ ಇಲ್ಲಿಯೂ ಕಡಿಮೆಯಲ್ಲ. ಅದರ ಮೇಲೆ ಬಾಣಂತಿಯಿರುವ ಮನೆಗೆ ಕಾಲವೆಂಬುದಿಲ್ಲ. ಕೂಸಿಗೆ ಕುಲಾವಿ, ಕಾಲುಚೀಲ, ಬಾಣಂತಿಗೆ ಕಿವಿ ಮುಚ್ಚುವ ಪಟ್ಟಿ, ಹೊಸ ಮನೆಯ ಬಾಗಿಲಿಗೆ ಬಣ್ಣದ ತೋರಣ—ಇವೆಲ್ಲಕ್ಕೂ ಬೇಡಿಕೆ ಇದ್ದೇ ಇದ್ದಿತು. ದೊಡ್ಡವರ ಸ್ವೆಟರ್ ಮಾತ್ರ ಲಾಭದ ಕೆಲಸವಲ್ಲವೆಂಬುದು ಆಕೆಗೆ ಬೇಗನೆ ತಿಳಿಯಿತು. ಲೂಧಿಯಾನದ ಯಂತ್ರಗಳಲ್ಲಿ ಹೆಣೆದು ಬರುವ ಸ್ವೆಟರಿನ ಬೆಲೆಗೆ ಕೆಲವೊಮ್ಮೆ ಇಲ್ಲಿ ನೂಲು ಕೂಡ ದೊರೆಯದು. ಕೂಸಿನ ಕುಲಾವಿಗಾದರೋ ಹತ್ತಿರದ ಕೈಯೇ ಬೇಕು. ತಲೆಯ ಅಳತೆ ವಾರಕ್ಕೊಂದು ಬಗೆ, ದಾರ ಚುಚ್ಚಬಾರದು, ಗಂಟು ಒಳಗೆ ಒತ್ತಬಾರದು.

ಹಳೆಯ ಸ್ವೆಟರನ್ನು ಬಿಚ್ಚಿ ಹೊಸದು ಹೆಣೆಯುವುದು ಆಕೆಯ ವಿಶೇಷ. ಬಿಚ್ಚಿದ ಉಣ್ಣೆ ಸುಕ್ಕುಸುಕ್ಕಾಗಿ ಸುರುಳಿ ಬಿದ್ದಿರುತ್ತದೆ. ಹಾಗೆಯೇ ಹೆಣೆದರೆ ಕುಣಿಕೆಗಳು ಒಂದೇ ಸಮನಾಗಿ ಕೂಡುವುದಿಲ್ಲ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಕೆಳಗೊಂದು ಹಗುರವಾದ ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಬೇಕು. ಒಣಗುವ ಹೊತ್ತಿಗೆ ಎಳೆ ತನ್ನ ಹಳೆಯ ಸುಕ್ಕನ್ನು ಬಿಟ್ಟಿರುತ್ತದೆ. ಮೊಣಕೈ, ಕಂಕುಳುಗಳಲ್ಲಿ ಸವೆದ ಎಳೆಯನ್ನು ಕತ್ತರಿಸಿ ತೆಗೆದು, ಗಟ್ಟಿಯಾದುದನ್ನಷ್ಟೇ ಉಂಡೆ ಸುತ್ತಬೇಕು. ಟಿಪ್ಪರಿನ ಕನ್ನಡಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಕರಿಯ ಉಣ್ಣೆಯ ಕುಚ್ಚನ್ನೂ ಆಕೆ ಮಾರುವ ದಿನ ಬಿಚ್ಚಿಟ್ಟುಕೊಂಡಿದ್ದಳು. ಅದು ಮಗನ ಮಫ್ಲರಿನ ಅಂಚಾಯಿತು.

ಸರಾಸರಿ ತಿಂಗಳಿಗೆ ಏಳುನೂರು ರೂಪಾಯಿ. ಅಷ್ಟೇ. ಹೆಣಿಗೆಯಿಂದ ಸಾಲ ತೀರಿಸಿದಳೆಂದು ಈಗ ಊರಿನವರು ಹೊಗಳುವುದುಂಟು. ಮನೆಯ ಗಂಡಸಿನ ದುಡಿಮೆಯ ಮುಂದೆ ಅದೆಷ್ಟರದು ಎನ್ನುವವರೂ ಉಂಟು. ಎರಡು ಮಾತೂ ಅರ್ಧ ಸತ್ಯ. ದೊಡ್ಡ ಗಳಿಕೆಯೆಲ್ಲ ಹೊಟ್ಟೆಗೂ ಬಡ್ಡಿಗೂ ಹೋಗಿ ನೂರು ರೂಪಾಯಿ ಉಳಿಯುತ್ತಿದ್ದ ಕಡೆ, ಈ ಏಳುನೂರು ಕೂಡಿ ಎಂಟುನೂರಾಯಿತು. ಆ ಎಂಟುನೂರು ಮಾತ್ರವೇ ಅಸಲನ್ನು ಮುಟ್ಟಿತು. ಒಂದು ವರ್ಷಕ್ಕೆ 9,600. ಅಸಲು ಅಷ್ಟು ಕರಗಿದಾಗ ತಿಂಗಳ ಬಡ್ಡಿಯಲ್ಲಿ 288 ರೂಪಾಯಿ ಇಳಿಯಿತು. ಇಳಿದದ್ದನ್ನು ಆಕೆ ಮನೆಯ ವೆಚ್ಚಕ್ಕೆ ಸೇರಿಸದೆ ಮತ್ತೆ ಅಸಲಿಗೇ ಹಾಕಿದಳು. ಎರಡನೆಯ ವರ್ಷ ಮಹಿಳಾ ಸಂಘದಿಂದ ನೂರಕ್ಕೆ ಒಂದು ರೂಪಾಯಿಯ ಸಾಲ ತೆಗೆದು ಮೂರು ರೂಪಾಯಿಯ ಸಾಲಕ್ಕೆ ಕಟ್ಟಿದಳು. ಸಾಲ ಮಾಡಿ ಸಾಲ ತೀರಿಸುವುದು ಹೇಡಿತನವೆಂದು ಅತ್ತೆ ಗೊಣಗಿದರು. ಲೆಕ್ಕ ಬಲ್ಲವರಿಗೆ ಅದು ಜಾಣತನ. ಹೊಸ ಸಾಲದ ಹಣದಲ್ಲಿ ಒಂದು ಸೀರೆಯನ್ನೂ ಕೊಳ್ಳದಿದ್ದರೆ ಮಾತ್ರ.

ಊರಿನ ಸಾಲಗಾರ ಐನೂರು, ಸಾವಿರಗಳನ್ನು ಅಸಲಿಗೆ ಹಿಡಿಯುತ್ತಿರಲಿಲ್ಲ. ಒಮ್ಮೆಗೆ ಐದು ಸಾವಿರವಾದರೂ ಬೇಕೆನ್ನುತ್ತಿದ್ದ. ಅಲ್ಲಿಯವರೆಗೆ ಕೂಡಿದ್ದನ್ನು ಕಾಯುವುದೇ ಕಷ್ಟ. ಮಗುವಿನ ಜ್ವರ, ನೆಂಟರ ಮದುವೆ, ಹಬ್ಬದ ಎಣ್ಣೆ ಎಲ್ಲವೂ ಆ ಹಣದ ಮೇಲೇ ಕಣ್ಣಿಡುತ್ತವೆ. ಆಕೆ ನೋಟುಗಳನ್ನು ಸುರುಳಿ ಮಾಡಿ, ಅದರ ಮೇಲೆ ಉಣ್ಣೆಯನ್ನು ಉಂಡೆ ಸುತ್ತಿಬಿಡುತ್ತಿದ್ದಳು. ಹಣ ಬೇಕಾದರೆ ಉಂಡೆಯನ್ನೆಲ್ಲ ಹೆಣೆದು ಮುಗಿಸಬೇಕು, ಇಲ್ಲವೇ ಬಿಚ್ಚಿ ಹಾಕಬೇಕು. ಬಿಚ್ಚಲು ಬೇಕಾಗುವ ಹೊತ್ತಿನಲ್ಲಿ ಎಷ್ಟೋ ಅವಸರಗಳು ತಾವಾಗಿ ತಣ್ಣಗಾದವು.

ಅಡಿಗೆಮನೆಯ ಮಿತವ್ಯಯವನ್ನು ಹೆಚ್ಚು ವರ್ಣಿಸಬೇಕಿಲ್ಲ. ಓದುಗರಲ್ಲಿ ಬಹುಮಂದಿ ಅದನ್ನು ಕಂಡುಂಡವರೇ. ನುಚ್ಚು, ಅಂಬಲಿ, ಗುರೆಳ್ಳು ಪುಡಿ, ಹಳೆಯ ಸೀರೆಗಳ ಕೌದಿ. ಒಂದು ವಿಚಿತ್ರವನ್ನು ಮಾತ್ರ ಹೇಳಬೇಕು. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಂದು ಅಕ್ಕಿ ಕಿಲೋಗೆ ಒಂದು ರೂಪಾಯಿಯಾದಾಗ, ಬಡವರ ಊಟವಾಗಿದ್ದ ಜೋಳದ ರೊಟ್ಟಿಯೇ ಈ ಮನೆಯಲ್ಲಿ ದುಬಾರಿಯ ಊಟವಾಯಿತು. ಅತ್ತೆಗೆ ಅನ್ನ ಹಿಡಿಸದು. ದಿನಕ್ಕೆ ಎರಡು ರೊಟ್ಟಿ ಆಕೆಗೆಂದೇ ಬಡಿದು, ಉಳಿದವರು ಅನ್ನ ಉಂಡರು.

ಮಿತವ್ಯಯದ ಮಾತು ಬಂದಾಗ ನಮ್ಮ ಹಿರಿಯರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುತ್ತಾರೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಶರಣೆ ಆಕೆ. ಆದರೆ ವ್ರತದ ಮಿತವ್ಯಯ ಬೇರೆ, ಋಣದ ಮಿತವ್ಯಯ ಬೇರೆ. ಲಕ್ಕಮ್ಮನ ಮನೆಯಲ್ಲಿ ಬೇಡವೆನ್ನುವ ಸ್ವಾತಂತ್ರ್ಯವಿದ್ದಿತು. ಸಾಲವಿರುವ ಮನೆಯಲ್ಲಿ ಮಗಳು ಶಾಲೆಯ ಪ್ರವಾಸಕ್ಕೆ ತಾನೇ ಒಲ್ಲೆನೆಂದಾಗ, ಅದು ವಿರಕ್ತಿಯೋ ತಾಯಿಯ ಮುಖ ನೋಡಿ ಕಲಿತ ಜಾಣ್ಮೆಯೋ ಎಂದು ತಾಯಿಗೆ ತಿಳಿಯದೆ ಹೋಗುತ್ತದೆಯೆ? ಅಂಥದನ್ನು ಗುಣವೆಂದು ಹೊಗಳಲು ನಾಲಗೆ ಏಳುವುದಿಲ್ಲ.

ಮೂರು ರೂಪಾಯಿಯ ಬಡ್ಡಿ ಸಾಲ, ಅದಕ್ಕಾಗಿ ಎತ್ತಿದ ಸಂಘದ ಸಾಲ ಎರಡೂ 2016ರಲ್ಲಿ ತೀರಿದವು. ಬಂಗಾರ 2017ರಲ್ಲಿ ಮನೆಗೆ ಬಂದಿತು. ಅಣ್ಣನ ಹಣ ಕೊನೆಗೆ ಉಳಿಯಿತು. ಬಡ್ಡಿ ತಿನ್ನುವ ಸಾಲವನ್ನು ಮೊದಲು ತೀರಿಸಬೇಕೆಂಬುದು ಗಣಿತ. ಆಕೆ ಗಣಿತವನ್ನೇ ಹಿಡಿದಳು. ಆದರೆ ಬಡ್ಡಿಯಿಲ್ಲದ ಸಾಲ ಬೇರೊಂದು ಬಡ್ಡಿಯನ್ನು ಎಳೆಯುತ್ತಿದ್ದಿತು. ಟಿಪ್ಪರ್ ಹೋದ ವರ್ಷದಿಂದ ನಾಗರ ಪಂಚಮಿಗೆ ಆಕೆ ತವರಿಗೆ ಹೋಗಿರಲಿಲ್ಲ. ಅಣ್ಣ ಪ್ರತಿವರ್ಷ ಕರೆಯಲು ಬರುತ್ತಿದ್ದ. ಹಣದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಆಕೆಗೆ ಉತ್ತರ ಹೇಳಲಾದರೂ ಒಂದು ದಾರಿಯಿರುತ್ತಿತ್ತು. ಅತ್ತೆಗೆ ಆರಾಮಿಲ್ಲ, ಮಕ್ಕಳಿಗೆ ಪರೀಕ್ಷೆ ಎಂದು ನೆಪ ಹೇಳಿ, ಆತ ತಂದ ತಂಬಿಟ್ಟು, ಎಳ್ಳುಂಡೆಗಳನ್ನು ಇಳಿಸಿಕೊಂಡು, ಅವನಿಗೆ ಉಣಬಡಿಸಿ ಕಳಿಸುತ್ತಿದ್ದಳು. ತವರಿನ ಜೋಕಾಲಿಯಲ್ಲಿ ಕುಳಿತರೆ ಅತ್ತಿಗೆಯ ಕಣ್ಣು ತನ್ನ ಸೀರೆಯ ಮೇಲೆ ಬೀಳುವುದೆಂಬ ಅಳುಕು. ಅತ್ತಿಗೆ ನೋಡುತ್ತಿದ್ದಳೋ ಇಲ್ಲವೋ, ಅಳುಕಿಗೆ ಅದರ ಹಂಗಿಲ್ಲ.

2019ರ ಪಂಚಮಿಗೆ ಆಕೆ ಕರೆಯುವ ಮುನ್ನವೇ ಹೋದಳು. ಚೀಲದಲ್ಲಿ ನಸುಹಳದಿಯ ದೊಡ್ಡದೊಂದು ಉಣ್ಣೆಯ ಉಂಡೆ. ಪಡಸಾಲೆಯಲ್ಲಿ ಕುಳಿತು ಅದನ್ನು ಬಿಚ್ಚತೊಡಗಿದಳು. ಸೊಸೆಯಂದಿರು, ಮಕ್ಕಳು ಸುತ್ತ ನೆರೆದರು. ಒಳಗಿನ ಸುರುಳಿಯನ್ನು ಅಣ್ಣನ ಕೈಗಿತ್ತು, “ಕಡೇ ಕಂತು ಅಣ್ಣಾ, ಎಣಿಸ್ಕೋ” ಎಂದಳು. ಬೇಡ ತಂಗಿ, ಮಕ್ಕಳಿಗಿರಲಿ ಎಂದು ಆತ ಹಿಂದಿರುಗಿಸುವನೇನೋ ಎಂದು ದಾರಿಯುದ್ದಕ್ಕೂ ಆಕೆ ಹೆದರಿದ್ದಳು. ಆತ ಹಾಗೆನ್ನಲಿಲ್ಲ. ಕನ್ನಡಕ ತರಿಸಿ, ಬೆರಳಿಗೆ ಉಗುಳು ಹಚ್ಚಿ, ಒಂದೊಂದೇ ನೋಟನ್ನು ಎಣಿಸಿ, “ಸರಿ ಐತೆವ್ವಾ” ಎಂದು ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಅತ್ತಿಗೆ ಬಿಚ್ಚಿದ ಉಣ್ಣೆಯನ್ನು ಕೈಯಲ್ಲಿ ಹಿಡಿದು, ಮೊಮ್ಮಗನ ಕುಲಾವಿಗೆ ಇದು ಸಾಕಾದೀತೇ ಎಂದು ಕೇಳುತ್ತಿದ್ದಳು.