ಶೇಕಡಾ ಒಂದರ ಬಿಯರು, ಭರಣಿಯ ವೈನು

ನವೆಂಬರ್ ಮುಗಿಯುತ್ತ ಬಂದಂತೆ ಆಲುವದ ಮಾರುಕಟ್ಟೆಯಲ್ಲಿ ಕಪ್ಪು ದ್ರಾಕ್ಷಿಯ ರಾಶಿ ಎತ್ತರವಾಗುತ್ತದೆ. ಕೇರಳದ ಮಣ್ಣಿನಲ್ಲಿ ದ್ರಾಕ್ಷಿ ಅಷ್ಟಾಗಿ ಬೆಳೆಯುವುದಿಲ್ಲ. ಬರುವುದೆಲ್ಲ ಘಟ್ಟದ ಆಚೆಯಿಂದ: ತೇನಿ ಜಿಲ್ಲೆಯ ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿ, ಇಲ್ಲವೇ ನಮ್ಮ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಯ ಬೆಂಗಳೂರು ನೀಲಿ. ತಿನ್ನಲು ಕೊಳ್ಳುವವರು ಅರ್ಧ ಕಿಲೋ ಒಯ್ಯುತ್ತಾರೆ. ಐದು ಕಿಲೋ ದ್ರಾಕ್ಷಿ, ಐದು ಕಿಲೋ ಸಕ್ಕರೆ, ಜೊತೆಗೆ ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಎಂದು ಪಟ್ಟಿ ಕೊಡುವವರಿಗೆ ಏತಕ್ಕೆ ಎಂದು ಯಾವ ಅಂಗಡಿಯವನೂ ಕೇಳುವುದಿಲ್ಲ. ಕ್ರಿಸ್‌ಮಸ್‌ಗೆ ಇನ್ನು ಮೂರು ನಾಲ್ಕು ವಾರ ಇದೆ, ವೈನು ಕಳಿಯಲು ಬೇಕಾದದ್ದೂ ಅಷ್ಟೇ ಕಾಲ.

ಸುರಿಯಾನಿ ಕ್ರೈಸ್ತರ ಅಡುಗೆಮನೆಗಳಲ್ಲಿ ಈ ವಿದ್ಯೆ ಅಮ್ಮಚ್ಚಿಯಿಂದ ಸೊಸೆಗೆ ಬಾಯಿಮಾತಿನಲ್ಲೇ ಇಳಿದು ಬಂದಿದೆ. ಉಪ್ಪಿನಕಾಯಿ ಹಾಕುವ ಪಿಂಗಾಣಿ ಭರಣಿಯನ್ನು ತೊಳೆದು ಬಿಸಿಲಿಗೆ ಒಣಗಿಸಬೇಕು. ಒಂದು ಹನಿ ಹಸಿನೀರು ಉಳಿದರೂ ಬೂಸ್ಟು ಹಿಡಿಯುವ ಭಯ. ದ್ರಾಕ್ಷಿಯನ್ನು ಕೈಯಲ್ಲೇ ಹಿಸುಕಿ, ಒಂದು ಪದರ ದ್ರಾಕ್ಷಿ, ಒಂದು ಪದರ ಸಕ್ಕರೆ ಎಂದು ತುಂಬಿ, ಕುದಿಸಿ ಆರಿಸಿದ ನೀರು ಹುಯ್ಯಬೇಕು. ಗೋಧಿ, ಮಸಾಲೆ, ಬೆಚ್ಚನೆಯ ನೀರಿನಲ್ಲಿ ನೆನೆಸಿದ ಒಂದು ಚಮಚ ಯೀಸ್ಟು ಹಾಕಿ, ಬಾಯಿಗೆ ತೆಳ್ಳನೆಯ ಮುಂಡಿನ ಬಟ್ಟೆ ಕಟ್ಟಿ, ಕತ್ತಲೆ ಮೂಲೆಯಲ್ಲಿಡಬೇಕು. ಮಾರನೆಯ ದಿನವೇ ಒಳಗಿನಿಂದ ಸಣ್ಣಗೆ ಬುಸುಗುಟ್ಟುವ ಸದ್ದು ಬರುತ್ತದೆ. ದಿನಕ್ಕೊಂದು ಸಲ, ಅದೇ ಹೊತ್ತಿಗೆ, ಮರದ ಸೌಟಿನಿಂದ ತಿರುವಬೇಕು. ಮೇಲೆ ಗಟ್ಟಿಯಾಗಿ ತೇಲಿಬಂದ ಸಿಪ್ಪೆಯನ್ನು ಮತ್ತೆ ಕೆಳಗೆ ಅದುಮಬೇಕು. ಇಪ್ಪತ್ತೊಂದನೆಯ ದಿನ ಸೋಸಿ, ತಿಳಿಯಾಗಲು ಬಿಟ್ಟು, ಬಣ್ಣ ಸಾಲದೆನಿಸಿದರೆ ಸಕ್ಕರೆಯನ್ನು ಕಂದು ಬಣ್ಣಕ್ಕೆ ಕರಗಿಸಿ ಬೆರೆಸಿ, ಬಾಟಲಿಗೆ ತುಂಬುತ್ತಾರೆ. ಹಬ್ಬದ ದಿನ ಪ್ಲಮ್ ಕೇಕಿನ ತುಂಡಿನ ಜೊತೆ ಸಣ್ಣ ಗ್ಲಾಸಿನಲ್ಲಿ ಬರುವುದು ಇದೇ. ಕುಡಿತವೆಂದರೆ ಮೂಗು ಮುರಿಯುವ ಅಜ್ಜಿಯರೂ ಇದನ್ನು ಕುಡಿತದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಸರ್ಕಾರ ಸೇರಿಸುತ್ತದೆ. 2019ರ ಡಿಸೆಂಬರ್‌ನಲ್ಲಿ ತಿರುವನಂತಪುರದ ವೇಳಿಯ ಮನೆಯೊಂದರಲ್ಲಿ ಅಬಕಾರಿಯವರು ಮನೆಯಲ್ಲೇ ಮಾಡಿದ ವೈನನ್ನೂ ಇನ್ನೂ ಹುಳಿಯುತ್ತಿದ್ದ ಕೊಳೆಯನ್ನೂ ವಶಪಡಿಸಿಕೊಂಡು ಯುವಕನೊಬ್ಬನನ್ನು ಬಂಧಿಸಿದರು. ಅದೇ ಹಬ್ಬದ ಹೊತ್ತಿಗೆ ಇಲಾಖೆ ಒಂದು ಸುತ್ತೋಲೆಯನ್ನೂ ಹೊರಡಿಸಿತು: ಮನೆಯಲ್ಲಿ ವೈನು ತಯಾರಿಸುವುದು ಜಾಮೀನಿಲ್ಲದ ಅಪರಾಧ. ಕೇರಳದ ಅಬಕಾರಿ ಕಾಯ್ದೆಯ 55ನೆಯ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸಿದವರಿಗೆ 10 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಭರಣಿಗೆ ಬಟ್ಟೆ ಕಟ್ಟಿ ಕೂತಿದ್ದ ಎಷ್ಟೋ ಅಮ್ಮಚ್ಚಿಯರಿಗೆ ತಾವು ಇಷ್ಟು ದೊಡ್ಡ ಅಪರಾಧಿಗಳೆಂದು ಗೊತ್ತಾದದ್ದು ಆಗಲೇ.

ಈ ವಿಷಯದಲ್ಲಿ ಅವರಿಗೆ ಜೊತೆಯಾಗುವವರು ಜಪಾನಿನಲ್ಲಿದ್ದಾರೆ. ಅಲ್ಲಿಯೂ ಪರವಾನಗಿಯಿಲ್ಲದೆ ಮದ್ಯ ತಯಾರಿಸಿದರೆ 10 ವರ್ಷದವರೆಗೆ ಸೆರೆಯಾಗಬಹುದು, ಇಲ್ಲವೇ 10 ಲಕ್ಷ ಯೆನ್‌ವರೆಗೆ ದಂಡ. ಆದರೆ ಜಪಾನಿನ ಮದ್ಯತೆರಿಗೆ ಕಾನೂನು ಮದ್ಯ ಎಂದು ಕರೆಯುವುದು ಆಲ್ಕೋಹಾಲ್ ಶೇಕಡಾ 1 ಅಥವಾ ಅದಕ್ಕಿಂತ ಹೆಚ್ಚಿರುವ ಪಾನೀಯವನ್ನು ಮಾತ್ರ. ಅದಕ್ಕೆ ಒಂದು ಕೂದಲೆಳೆ ಕಡಿಮೆಯಾದರೂ ಅದು ಶರಬತ್ತು. ಮನೆಯಲ್ಲಿ ಬಿಯರ್ ಮಾಡುವ ಜಪಾನಿ ಹವ್ಯಾಸಿಗಳ ಲೋಕವೆಲ್ಲ ಈ ಕೂದಲೆಳೆಯ ಮೇಲೆ ನಿಂತಿದೆ. ಅಂಗಡಿಗಳಲ್ಲಿ ಮಾಲ್ಟ್ ಪಾಕದ ಡಬ್ಬಿ, ಯೀಸ್ಟು, ಹುದುಗು ಬರಿಸುವ ಪ್ಲಾಸ್ಟಿಕ್ ಡ್ರಮ್ಮು, ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ ಎಲ್ಲ ರಾಜಾರೋಷವಾಗಿ ಸಿಗುತ್ತವೆ. ಜೊತೆಯ ಕಾಗದದಲ್ಲಿ ಮಾತ್ರ ವಿನಯವಾದ ಸೂಚನೆ ಇರುತ್ತದೆ: ಆಲ್ಕೋಹಾಲ್ ಶೇಕಡಾ 1 ಮೀರದಂತೆ ನೀರು, ಸಕ್ಕರೆ ನೋಡಿಕೊಂಡು ಹಾಕಿ.

ನೋಡಿಕೊಳ್ಳುವುದೆಂದರೆ ಎಷ್ಟು? ಲೆಕ್ಕ ಸುಲಭ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟು ತಿಂದು ಮುಗಿಸಿದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡಿನ ಗುಳ್ಳೆ. ಹದಿನೇಳು ಗ್ರಾಂ ಎಂದರೆ ನಾಲ್ಕು ಟೀ ಚಮಚ. 23 ಲೀಟರ್ ಬಿಯರಿಗೆಂದು ತಯಾರಾದ 1.7 ಕಿಲೋದ ಡಬ್ಬಿಯನ್ನು ಜಪಾನಿ ಕಾನೂನಿಗೆ ಒಗ್ಗಿಸಬೇಕಾದರೆ ಬೇರೆ ಸಕ್ಕರೆಯನ್ನೇ ಹಾಕದೆ, ಹೇಳಿದ್ದಕ್ಕಿಂತ ದುಪ್ಪಟ್ಟಿಗೂ ಮೀರಿ ನೀರು ಹುಯ್ಯಬೇಕು. ಆಮೇಲೆ ಉಳಿಯುವುದು ಬಿಯರ್ ತೊಳೆದ ನೀರು. ಎಷ್ಟು ಜನ ಅಷ್ಟು ನೀರು ಹುಯ್ಯುತ್ತಾರೆ ಎಂದು ಅಂಗಡಿಯವನು ವಿಚಾರಿಸುವುದಿಲ್ಲ, ಆಲುವದ ದ್ರಾಕ್ಷಿ ಅಂಗಡಿಯವನ ಹಾಗೆಯೇ.

ಜಪಾನಿಗೆ ಈ ನಿಷೇಧ ಬಂದದ್ದು ಕುಡಿತ ಕೆಟ್ಟದ್ದೆಂಬ ಕಾರಣಕ್ಕಲ್ಲ. ರೈತರು ಮನೆಯಲ್ಲೇ ಅಕ್ಕಿ ಹುದುಗಿಸಿ ಮಾಡಿಕೊಳ್ಳುತ್ತಿದ್ದ ಬೆಳ್ಳನೆಯ, ಸೋಸದ ದೊಬುರೊಕು ಎಂಬ ಮದ್ಯವನ್ನು ಮೈಜಿ ಸರ್ಕಾರ 1899ರಲ್ಲಿ ಪೂರ್ತಿ ನಿಲ್ಲಿಸಿತು. ಚೀನಾದ ಜೊತೆ ಯುದ್ಧ ಮುಗಿದಿತ್ತು, ಸೈನ್ಯ ಬೆಳೆಸಲು ದುಡ್ಡು ಬೇಕಿತ್ತು. ಆ ಕಾಲಕ್ಕೆ ದೇಶದ ತೆರಿಗೆ ಆದಾಯದಲ್ಲಿ ಸುಮಾರು ಮೂರನೆಯ ಒಂದು ಭಾಗ ಮದ್ಯದಿಂದಲೇ ಬರುತ್ತಿತ್ತು. ಮನೆಯಲ್ಲಿ ಮಾಡಿಕೊಂಡು ಕುಡಿದವನು ಖಜಾನೆಗೆ ಏನೂ ಕೊಡುವುದಿಲ್ಲವಲ್ಲ!

ಯುದ್ಧಗಳು ಮುಗಿದವು, ಕಾನೂನು ಉಳಿಯಿತು. ಅದನ್ನು ಎದುರು ನಿಂತು ಕೇಳಿದವರು ಮಾಯೆದಾ ತೊಶಿಹಿಕೊ. ನರಿತಾ ವಿಮಾನ ನಿಲ್ದಾಣಕ್ಕೆ ಜಮೀನು ಬಿಡಲೊಲ್ಲದ ಸನ್‌ರಿಜುಕಾದ ರೈತರ ಜೊತೆಗಿದ್ದ ಈ ಹಿರಿಯರು 1981ರಲ್ಲಿ ದೊಬುರೊಕು ಮಾಡುವ ಬಗೆಯನ್ನು ತಿಳಿಸುವ ಪುಸ್ತಕವನ್ನೇ ಹೊರತಂದರು. ಬಳಿಕ ಮನೆಯಲ್ಲಿ ಮದ್ಯ ತಯಾರಿಸಿ, ರುಚಿ ನೋಡಲು ಬನ್ನಿ ಎಂದು ತೆರಿಗೆ ಇಲಾಖೆಗೇ ಆಮಂತ್ರಣ ಕಳಿಸಿದರು. ಇಲಾಖೆ ಬಂದದ್ದು ಮೊಕದ್ದಮೆ ಹಿಡಿದುಕೊಂಡು. ತನ್ನ ಮನೆಯಲ್ಲಿ ತನಗೆ ಬೇಕಾದದ್ದನ್ನು ಮಾಡಿ ಕುಡಿಯುವುದು ಸಂವಿಧಾನ ಕೊಟ್ಟ ಸುಖದ ಹಕ್ಕು ಎಂಬುದು ಅವರ ವಾದ. 1989ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ತೆರಿಗೆ ಕಾಪಾಡಿಕೊಳ್ಳಲು ಇಂಥ ನಿರ್ಬಂಧ ಸರಿಯೇ ಎಂದಿತು. ಮಾಯೆದಾ ಸೋತರು, ದೊಬುರೊಕುವಿನ ಹೆಸರು ಮಾತ್ರ ಊರೂರು ಸುತ್ತಿತು. 2003ರಿಂದ ಇವಾತೆ ಪ್ರಾಂತ್ಯದ ತೊನೊ ಪಟ್ಟಣ ಮೊದಲ್ಗೊಂಡು ಕೆಲವು ಕಡೆ ವಿಶೇಷ ವಲಯಗಳಾದವು. ತಾವೇ ಬೆಳೆದ ಅಕ್ಕಿಯಿಂದ, ತಮ್ಮದೇ ವಸತಿಗೃಹದಲ್ಲಿ ಅದನ್ನು ತಯಾರಿಸಿ ಬಡಿಸಲು ರೈತರಿಗೆ ಪರವಾನಗಿ ಸಿಗುವಂತಾಯಿತು. ಬಿಯರಿಗೆ ಬಾಗಿಲು ತೆರೆದದ್ದು ಇನ್ನೂ ಮೊದಲು: 1994ರಲ್ಲಿ ಪರವಾನಗಿಗೆ ಬೇಕಾದ ಕನಿಷ್ಠ ವಾರ್ಷಿಕ ಉತ್ಪಾದನೆಯನ್ನು 2,000 ಕಿಲೋಲೀಟರಿನಿಂದ 60ಕ್ಕೆ ಇಳಿಸಿದರು. ಊರೂರಿನಲ್ಲಿ ಸಣ್ಣ ಬ್ರೂವರಿಗಳು ಎದ್ದವು. ಇಬರಾಕಿಯ ಕಿಯುಚಿ ಬ್ರೂವರಿಯಂಥ ಕಡೆ ಹವ್ಯಾಸಿಗಳು ಹೋಗಿ, ತಾವೇ ಮಾಲ್ಟ್, ಹಾಪ್ಸ್ ಆರಿಸಿ, ಅಲ್ಲಿನ ಪರವಾನಗಿಯ ನೆರಳಿನಲ್ಲಿ ತಮ್ಮ ಕೈಯಾರೆ ಬಿಯರ್ ಮಾಡಿ ಬರಬಹುದು.

ಈ ಕಾನೂನಿನಲ್ಲಿ ಇನ್ನೊಂದು ತಮಾಷೆಯಿದೆ. ಉಮೆ ಎಂಬ ಹುಳಿ ಹಣ್ಣನ್ನು ಮದ್ಯದಲ್ಲಿ ನೆನೆಹಾಕುವ ಉಮೆಶು ಮನೆಮನೆಯ ವಾಡಿಕೆ. 1962ರ ತಿದ್ದುಪಡಿ ಅದಕ್ಕೆ ಬಿಡುಗಡೆ ಕೊಟ್ಟಿತು. ಮದ್ಯ ಶೇಕಡಾ 20ಕ್ಕಿಂತ ಕಡಿಮೆ ಇರಕೂಡದು, ಹೊಸದಾಗಿ ಹುದುಗು ಬರಕೂಡದು, ಮನೆಯವರೇ ಕುಡಿಯಬೇಕು. ಯಾವ ಹಣ್ಣನ್ನಾದರೂ ಹಾಕಬಹುದು, ದ್ರಾಕ್ಷಿಯೊಂದನ್ನು ಬಿಟ್ಟು. ಆಲುವದ ಅಮ್ಮಚ್ಚಿಗೆ ಇದನ್ನು ಹೇಳಿದರೆ ನಕ್ಕಾರು.

ಕೇರಳದ ಕಾನೂನಿನ ಬೇರು ಎರಡು ಕಡೆ ಇಳಿದಿದೆ. ಒಂದು ಖಜಾನೆ. ಇವತ್ತಿಗೂ ಜಾರಿಯಲ್ಲಿರುವುದು ಕೊಚ್ಚಿ ಸಂಸ್ಥಾನ ಕೊಲ್ಲವರ್ಷ 1077ರಲ್ಲಿ, ಅಂದರೆ 1902ರ ಸುಮಾರಿಗೆ, ಮಾಡಿದ ಅಬಕಾರಿ ಕಾಯ್ದೆ. ಆಲುವ ಆಗ ತಿರುವಾಂಕೂರಿಗೆ ಸೇರಿದ್ದು, ಅದಕ್ಕೆ ಬೇರೆಯೇ ಕಾಯ್ದೆ ಇತ್ತು. 1967ರಲ್ಲಿ ಕೊಚ್ಚಿಯದ್ದೇ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಇನ್ನೊಂದು ಬೇರು ಆಲುವದಲ್ಲೇ ಇದೆ. ಪೆರಿಯಾರ್ ದಡದಲ್ಲಿ ನಾರಾಯಣ ಗುರುಗಳು 1913ರಲ್ಲಿ ಅದ್ವೈತಾಶ್ರಮ ಕಟ್ಟಿದರು. 1924ರಲ್ಲಿ ಸರ್ವಮತ ಸಮ್ಮೇಳನ ನಡೆಸಿದ್ದೂ ಅಲ್ಲಿಯೇ. ಮದ್ಯವನ್ನು ಮಾಡುವುದು, ಕೊಡುವುದು, ಕುಡಿಯುವುದು ಮೂರನ್ನೂ ಬಿಡಬೇಕೆಂದು ಅವರು ಸಂದೇಶ ಕೊಟ್ಟರು. ಕಳ್ಳು ಇಳಿಸುವುದು ಅವರು ಹುಟ್ಟಿದ ಈಳವ ಸಮುದಾಯದ ಕುಲಕಸುಬುಗಳಲ್ಲೊಂದು. ಅಂಥವರಿಗೆ ಕಸುಬನ್ನೇ ಬಿಡಿ ಎಂದರು ಗುರುಗಳು. ಆ ಮಾತಿನ ತೂಕ ಕೇರಳದ ರಾಜಕಾರಣದಿಂದ ಇಂದಿಗೂ ಇಳಿದಿಲ್ಲ. ಎ.ಕೆ. ಆಂಟನಿ ಸರ್ಕಾರ 1996ರ ಏಪ್ರಿಲ್ 1ರಿಂದ ಸಾರಾಯಿ ನಿಲ್ಲಿಸಿತು. 2014ರಲ್ಲಿ ಉಮ್ಮನ್ ಚಾಂಡಿ ಸರ್ಕಾರ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದೆಡೆ ಬಾರುಗಳಿಗೆ ಬೀಗ ಹಾಕಿಸಿತು, 2017ರಲ್ಲಿ ಮುಂದಿನ ಸರ್ಕಾರ ಬೀಗ ತೆಗೆಯಿತು. ನಡುವೆ ಸರ್ಕಾರದ್ದೇ ಮದ್ಯದಂಗಡಿಯಾದ ಬೆವ್‌ಕೋ ಮುಂದಿನ ಸಾಲು ಮಾತ್ರ ಶಿಸ್ತಾಗಿ ಮುಂದೆ ಸರಿಯುತ್ತಲೇ ಇತ್ತು.

ಹುದುಗಿನ ವಿಷಯಕ್ಕೆ ಬಂದರೆ ಕಾನೂನಿಗೆ ಹಲವು ಮುಖ. ತೆಂಗಿನ ಹೊಂಬಾಳೆಯಿಂದ ಬೆಳಗ್ಗೆ ಇಳಿದ ಸಿಹಿ ನೀರು ಸಂಜೆಗೆ ತಾನಾಗಿಯೇ ಕಳ್ಳಾಗುತ್ತದೆ. ಯಾರೂ ಯೀಸ್ಟು ಹಾಕಬೇಕಿಲ್ಲ, ಗಾಳಿಯಲ್ಲಿದ್ದದ್ದು, ಮಡಕೆಯಲ್ಲಿ ಉಳಿದದ್ದು ಸಾಕು. ಅದನ್ನು ಪರವಾನಗಿ ಪಡೆದ ಷಾಪಿನಲ್ಲಿ ಮೀನು ಪಲ್ಯದ ಜೊತೆ ಕುಡಿಯಬಹುದು. ಅದೇ ಕಳ್ಳು ಅಕ್ಕಿ ಹಿಟ್ಟಿಗೆ ಬಿದ್ದರೆ ಬೆಳಗಿನ ಪಾಲಪ್ಪ, ಮಂಗಳೂರಿನ ಕ್ರೈಸ್ತರ ಮನೆಯಲ್ಲಾದರೆ ಸನ್ನಾ. ಆಯುರ್ವೇದದ ಅಂಗಡಿಯಲ್ಲಿ ಸಾಲಾಗಿ ನಿಂತ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳಲ್ಲಿ ಧಾತಕಿ ಹೂವಿನ ನೆರವಿನಿಂದ ಹುಟ್ಟಿದ ಶೇಕಡಾ 5ರಿಂದ 10ರಷ್ಟು ಆಲ್ಕೋಹಾಲ್ ಇರುತ್ತದೆ. ಅದು ಔಷಧ, ಊಟದ ಮೇಲೆ ಎರಡು ಚಮಚ. ಆಲುವದ ಮಂಗಲಪ್ಪುಳದಲ್ಲಿರುವ ಸೇಂಟ್ ಜೋಸೆಫ್ ಸೆಮಿನರಿಯಂಥ ಕಡೆ ದಿನವೂ ಪೂಜೆಗೆ ಬೇಕಾಗುವ ಮಾಸ್ ವೈನಿಗೆ 1970ರ ಕೊಚ್ಚಿನ್ ಮಾಸ್ ವೈನ್ ನಿಯಮಗಳಿವೆ. ಇಷ್ಟೆಲ್ಲ ಕಡೆ ದುಡಿಯುವ ಯೀಸ್ಟು ಅಡುಗೆಮನೆಯ ಭರಣಿಗೆ ಇಳಿದಾಗ ಮಾತ್ರ ಕಾಗದಪತ್ರವಿಲ್ಲದ ಅಲೆಮಾರಿ.

ಹೋಗಲಿ, ಆಲುವದ ಹವ್ಯಾಸಿಯೊಬ್ಬ ಜಪಾನಿಯವನಂತೆ ಬಿಯರನ್ನೇ ಮಾಡಹೊರಟರೆ? ಕಾನೂನಿಗೂ ಮೊದಲು ಅಡ್ಡ ಬರುವುದು ಸೆಕೆ. ಏಲ್ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ಪೆರಿಯಾರ್ ದಡದ ಅಡುಗೆಮನೆಯಲ್ಲಿ ಡಿಸೆಂಬರಿನಲ್ಲೂ ಅದು ಮೂವತ್ತರ ಆಸುಪಾಸು. ಆ ಕಾವಿನಲ್ಲಿ ಯೀಸ್ಟು ಅವಸರ ಬಿದ್ದು ತಲೆನೋವು ತರುವ ಭಾರದ ಆಲ್ಕೋಹಾಲುಗಳನ್ನೂ ಮಾಗಿದ ಬಾಳೆಹಣ್ಣಿನ ವಾಸನೆಯನ್ನೂ ಹುಟ್ಟಿಸುತ್ತದೆ. ನಾರ್ವೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕಾದಿಟ್ಟುಕೊಂಡ ಕ್ವೈಕ್ ಎಂಬ ಯೀಸ್ಟು ಮಾತ್ರ 35, 40 ಡಿಗ್ರಿಯಲ್ಲೂ ಚೊಕ್ಕಟವಾಗಿ ಕೆಲಸ ಮಾಡುತ್ತದೆ. ಹಿಮದ ನಾಡಿನ ಯೀಸ್ಟಿಗೆ ಮಲಯಾಳದ ಸೆಕೆ ಒಗ್ಗುತ್ತದೆ ಎಂಬುದು ವಿಚಿತ್ರವೇ. ಇನ್ನು ಕಹಿ ಕೊಡುವ ಹಾಪ್ಸ್ ಬೇಸಿಗೆಯ ಉದ್ದನೆಯ ಹಗಲನ್ನು ಬೇಡುವ ಬಳ್ಳಿ. ಭಾರತದಲ್ಲಿ ಅದು ಬೆಳೆಯುವುದು ಹಿಮಾಚಲದ ಲಾಹೌಲ್‌ನಂಥ ಕಡೆ. ಕಾರ್ಖಾನೆಯ ಬಿಯರಿಗೂ ಆಲುವದ ನೆರೆಹೊರೆಯಲ್ಲಿ ಸುಲಭವಾಗಿ ಜಾಗ ಸಿಕ್ಕಿಲ್ಲ. ಪಕ್ಕದ ಕಳಮಶ್ಶೇರಿಯಲ್ಲಿ ಬ್ರೂವರಿಗೆಂದು 2018ರಲ್ಲಿ ಕೊಟ್ಟಿದ್ದ ಒಪ್ಪಿಗೆಯನ್ನು, ಗದ್ದಲವೆದ್ದ ಮೇಲೆ, ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ವಾಪಸು ಪಡೆಯಿತು.

ಹಣ್ಣಿನ ವೈನಿನ ದಾರಿ ಸ್ವಲ್ಪ ಸಲೀಸಾಗಿದೆ. 2022ರಲ್ಲಿ ಕೇರಳ ಸಣ್ಣ ವೈನರಿಗಳಿಗೆ ನಿಯಮ ಮಾಡಿತು. ಗೇರುಹಣ್ಣು, ಅನಾನಸು, ಬಾಳೆ ಮೊದಲಾದ ನಾಡಿನ ಬೆಳೆಗಳಿಂದ ವೈನು ತೆಗೆಯಲು ಪರವಾನಗಿ ಕೇಳಬಹುದು. ಕೇರಳ ಕೃಷಿ ವಿಶ್ವವಿದ್ಯಾಲಯ ‘ನಿಲಾ’ ಎಂಬ ಹೆಸರಿನಲ್ಲಿ ಇಂಥ ವೈನನ್ನು ತಯಾರಿಸಿಯೂ ತೋರಿಸಿದೆ. ಆದರೆ ಅದು ಶುಲ್ಕ ಕಟ್ಟಿ, ಲೆಕ್ಕ ಇಟ್ಟು ಮಾಡುವ ವ್ಯವಹಾರ. ವರ್ಷಕ್ಕೊಮ್ಮೆ ಹತ್ತು ಬಾಟಲಿ ಮಾಡಿ ನೆಂಟರಿಗೆ ಹಂಚುವವರಿಗೆ ಅದರಲ್ಲಿ ಕಲಮಿಲ್ಲ. ಬೇರೆ ದೇಶಗಳು ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿವೆ. ಬ್ರಿಟನ್ 1963ರಲ್ಲಿ ಮನೆ ಬಿಯರಿನ ಪರವಾನಗಿಯನ್ನೇ ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಟ್ಟುಕೊಟ್ಟಿತು, ಮಾರಕೂಡದು ಎಂಬ ಷರತ್ತಿನ ಮೇಲೆ.

ಜಪಾನಿನ ಹವ್ಯಾಸಿಯ ಕೈಯಲ್ಲಿ ಯಾವಾಗಲೂ ಒಂದು ಹೈಡ್ರೋಮೀಟರ್ ಇರುತ್ತದೆ. ಹುದುಗು ಬರುವ ಮೊದಲು ಸಾಂದ್ರತೆ ಎಷ್ಟು, ಬಂದ ಮೇಲೆ ಎಷ್ಟು ಎಂದು ಬರೆದಿಟ್ಟುಕೊಂಡು, ಎರಡರ ವ್ಯತ್ಯಾಸದಿಂದ ಶೇಕಡಾವಾರು ತೆಗೆದು, ತಾನು ಕಾನೂನಿನ ಯಾವ ಬದಿಗಿದ್ದೇನೆಂದು ಅವನು ತಿಳಿದಿರುತ್ತಾನೆ. ಆಲುವದ ಅಮ್ಮಚ್ಚಿ ಅಂಥದ್ದೊಂದು ಗಾಜಿನ ಕೊಳವೆಯನ್ನು ಕಂಡವರೇ ಅಲ್ಲ. ಕಿಲೋಗೆ ಕಿಲೋ ಸಕ್ಕರೆ ಸುರಿದ ಅವರ ಭರಣಿಯಲ್ಲಿ ಯೀಸ್ಟು ನಡುದಾರಿಯಲ್ಲೇ ಸುಸ್ತಾಗುತ್ತದೆ, ತಿನ್ನಲಾರದೆ ಬಿಟ್ಟ ಸಕ್ಕರೆ ಸಿಹಿಯಾಗಿ ಉಳಿಯುತ್ತದೆ. ಆ ಸಿಹಿಯನ್ನು ನಾಲಗೆಗೆ ಹಚ್ಚಿಕೊಂಡು ‘ಪಾಕವಾಯಿತು’ ಎನ್ನುವುದೇ ಅವರ ಅಳತೆ. ಕೇರಳದಲ್ಲಿ ಮನೆ ವೈನಿನ ಶೇಕಡಾವಾರು ಕಾಗದದ ಮೇಲೆ ಬರುವುದು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ: ಅಬಕಾರಿಯವರು ಭರಣಿಯನ್ನು ವಶಪಡಿಸಿಕೊಂಡು, ಸ್ಯಾಂಪಲ್ ಬಾಟಲಿಗೆ ಅರಗಿನ ಮುದ್ರೆ ಒತ್ತಿ, ಸರ್ಕಾರದ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯಕ್ಕೆ ಕಳಿಸಿಕೊಟ್ಟಾಗ.